ಬಟನ್ ಒತ್ತಿದ ಮೇಲೆ ಏನಾಯಿತು? ಎವಿ ಕಂಟ್ರೋಲ್ ಪ್ರೋಗ್ರಾಮಿಂಗ್ ಕಲಿಸಿದ ಹನ್ನೊಂದು ಪಾಠಗಳು

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು, ವರವು ಕಾವಲು, ಕುದಾಪುರದ ಬಯಲು ಎಂದರೆ ಹಿಂದೆಲ್ಲ ಅಮೃತಮಹಲ್ ದನಗಳ, ಕುರಿ ಮಂದೆಗಳ ಹುಲ್ಲುಗಾವಲು. ಈಗ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋಗೂ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಜಾಗವಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಕಾಲೇಜು ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುವ ಕೇಂದ್ರವಿದೆ. ಸಂಶೋಧನೆ, ತರಬೇತಿ ನಡೆಯುವ ಕಡೆ ಸಭಾಂಗಣ ಬೇಕೇ ಬೇಕು. ಸಭಾಂಗಣ ಎಂದ ಮೇಲೆ ಪ್ರೊಜೆಕ್ಟರ್, ಮೈಕು, ಕ್ಯಾಮೆರಾ, ಪರದೆ, ದೀಪ ಎಲ್ಲ ಬರುತ್ತವೆ. ಇವನ್ನೆಲ್ಲ ಒಂದು ಟಚ್ ಪ್ಯಾನೆಲ್‌ನಿಂದ ನಡೆಸುವಂತೆ ಮಾಡುವ ಕೆಲಸವೇ ಎವಿ ಕಂಟ್ರೋಲ್ ಪ್ರೋಗ್ರಾಮಿಂಗ್. ಎವಿ ಎಂದರೆ ಆಡಿಯೋ ಮತ್ತು ವಿಡಿಯೋ.

ಬೆಂಗಳೂರಿನ ಆಫೀಸುಗಳಲ್ಲಿ, ಬೇರೆ ಬೇರೆ ಜಿಲ್ಲೆಗಳ ಕಾಲೇಜು ಸಭಾಂಗಣಗಳಲ್ಲಿ ನಾನು ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ಊರ ಕಡೆ ಬಂದಾಗ ಚಳ್ಳಕೆರೆ, ಮೊಳಕಾಲ್ಮೂರಿನ ಡಿಪ್ಲೊಮಾ, ಐಟಿಐ ಮುಗಿಸಿದ ಹುಡುಗ ಹುಡುಗಿಯರು ಇದನ್ನು ಕಲಿಯುವುದು ಹೇಗೆ, ಕಲಿತವರು ಇನ್ನೂ ಚೆನ್ನಾಗಿ ಮಾಡುವುದು ಹೇಗೆ ಎಂದು ಕೇಳುತ್ತಾರೆ. ಅವರಿಗೆ ಹೇಳುತ್ತಾ ಬಂದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇದರ ತಿರುಳು ಇಷ್ಟೆ: ಕೋಡ್ ಬರೆಯಲು ಬಲ್ಲವರು ಬಹಳ ಜನ ಇದ್ದಾರೆ, ಸಾಧನ ಕೊಡುವ ಉತ್ತರವನ್ನು ಕೇಳಿಸಿಕೊಂಡು ಬರೆಯುವವರು ಕಡಿಮೆ. ಒಳ್ಳೆಯ ಪ್ರೋಗ್ರಾಮರ್ ಆಗುವುದು ಆ ಕೇಳಿಸಿಕೊಳ್ಳುವಿಕೆಯಿಂದ.

1. ಕೀಬೋರ್ಡ್ ಮುಟ್ಟುವ ಮೊದಲು ಕೋಣೆಯನ್ನು ಓದಿ

ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ. ಒಂದು ಕಾಗದ, ಪೆನ್ಸಿಲ್ ಹಿಡಿದು ಕೋಣೆಯಲ್ಲಿ ಓಡಾಡಿ. ಮೈಕಿನ ಸದ್ದು ಎಲ್ಲಿಂದ ಹೊರಟು ಎಲ್ಲೆಲ್ಲಿ ಹಾದು ಸ್ಪೀಕರ್ ಸೇರುತ್ತದೆ? ಲ್ಯಾಪ್‌ಟಾಪಿನ ಚಿತ್ರ ಯಾವ ಸ್ವಿಚರ್ ಮೂಲಕ ಪ್ರೊಜೆಕ್ಟರ್‌ಗೆ ಹೋಗುತ್ತದೆ? ಪರದೆಯ ಮೋಟಾರ್‌ಗೆ ಎಷ್ಟು ತಂತಿ? ದೀಪಗಳು ಕಂಟ್ರೋಲರ್‌ನ, ಅಂದರೆ ನಮ್ಮ ಕೋಡನ್ನು ನಡೆಸುವ ಯಂತ್ರದ ಹಿಡಿತಕ್ಕೆ ಬರುತ್ತವೆಯೇ, ಬರೀ ಗೋಡೆಯ ಸ್ವಿಚ್ಚೇ? ಒಂದೊಂದು ಸಾಧನಕ್ಕೂ ಒಂದೊಂದು ಸಾಲು ಬರೆಯಿರಿ: ಮಾದರಿ ಸಂಖ್ಯೆ, ಯಾವ ಪೋರ್ಟ್, ಐಪಿ ವಿಳಾಸ, ನಿಯಂತ್ರಣದ ಬಗೆ. ಸೀರಿಯಲ್, ನೆಟ್‌ವರ್ಕ್, ಇನ್‌ಫ್ರಾರೆಡ್, ರಿಲೇ ಇವುಗಳಲ್ಲಿ ಯಾವುದು ಎಂದು ತಿಳಿಯದೆ ಒಂದು ಸಾಲು ಕೋಡನ್ನೂ ಬರೆಯಬೇಡಿ.

ಚಿತ್ರ ಬಾರದಿದ್ದರೆ ಮೊದಲ ದೂರು ಬರುವುದು ಪ್ರೋಗ್ರಾಮರ್ ಮೇಲೆ. ಆದರೆ ಎಷ್ಟೋ ಸಲ ಕಾರಣ ಬೇರೆ ಇರುತ್ತದೆ. ತಾನು ಎಂಥ ಚಿತ್ರ ತೋರಿಸಬಲ್ಲೆ ಎಂದು ಪ್ರೊಜೆಕ್ಟರ್ ಲ್ಯಾಪ್‌ಟಾಪ್‌ಗೆ ತಿಳಿಸುವ ಇಡಿಐಡಿ ಮಾಹಿತಿ ಸರಿಯಾಗಿ ತಲುಪಿರುವುದಿಲ್ಲ, ಇಲ್ಲವೇ ಮಿತಿಮೀರಿ ಉದ್ದದ ಎಚ್‌ಡಿಎಂಐ ಕೇಬಲ್ ಎಳೆದಿರುತ್ತಾರೆ. ದೊಡ್ಡ ಸಭಾಂಗಣದಲ್ಲಿ 100 ಮೀಟರ್‌ವರೆಗೆ ಸಿಗ್ನಲ್ ಒಯ್ಯಬಲ್ಲ ಎಚ್‌ಡಿಬೇಸ್‌ಟಿ ಏಕೆ ಬಳಸುತ್ತಾರೆ ಎಂದು ಪ್ರೋಗ್ರಾಮರ್‌ಗೂ ತಿಳಿದಿರಬೇಕು. ಸಿಗ್ನಲ್ ಅರ್ಥವಾಗದವರು ಕೋಡಿನಲ್ಲಿ ಇಲ್ಲದ ತಪ್ಪನ್ನು ದಿನವಿಡೀ ಕೋಡಿನಲ್ಲೇ ಹುಡುಕುತ್ತಾರೆ.

2. ಸಾಧನದ ಭಾಷೆಯನ್ನು ಅಕ್ಷರ ಅಕ್ಷರವಾಗಿ ಕಲಿಯಿರಿ

ಪ್ರತಿ ಸಾಧನಕ್ಕೂ ಅದರದೇ ಪ್ರೋಟೊಕಾಲ್ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇಂಗ್ಲಿಷ್ ಕೈಪಿಡಿ ಕಂಡು ಹಿಂಜರಿಯುವುದನ್ನು ನೋಡಿದ್ದೇನೆ. ಹೆದರಬೇಕಾದ್ದಿಲ್ಲ. ಅಲ್ಲಿರುವುದು ಕೋಷ್ಟಕಗಳು, ಒಂದಷ್ಟು ಪದಗಳು, ಅವೇ ಮತ್ತೆ ಮತ್ತೆ ಬರುತ್ತವೆ. ಎರಡು ಸಾಧನಗಳ ಕೈಪಿಡಿ ಮನಸ್ಸಿಟ್ಟು ಓದಿದರೆ ಮೂರನೆಯದು ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ.

ಆರ್‌ಎಸ್-232 ಸೀರಿಯಲ್‌ನಿಂದ ಶುರು ಮಾಡಿ. ಒಂಬತ್ತು ಪಿನ್ನಿನ ಕನೆಕ್ಟರ್‌ನಲ್ಲಿ ನಮಗೆ ಸಾಮಾನ್ಯವಾಗಿ ಬೇಕಾದದ್ದು ಮೂರೇ: 2, 3 ಮತ್ತು 5. ಒಂದರಿಂದ ಮಾತು ಹೋಗುತ್ತದೆ, ಒಂದರಿಂದ ಬರುತ್ತದೆ, 5 ಗ್ರೌಂಡ್. ವೇಗ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂಬುದು ಬಹಳ ಕಡೆ ಕಾಣುವ ಹೊಂದಾಣಿಕೆ. ಇದರಲ್ಲಿ ಒಂದು ತಪ್ಪಿದರೂ ಸಾಧನ ಬಾಯಿ ಬಿಡುವುದಿಲ್ಲ, ಬಿಟ್ಟರೂ ಅರ್ಥವಿಲ್ಲದ ಅಕ್ಷರ ಉದುರಿಸುತ್ತದೆ.

ಆಮೇಲೆ ಪಿಜೆಲಿಂಕ್ ಕಲಿಯಿರಿ. ಜಪಾನಿನ ಉದ್ಯಮ ಸಂಘಟನೆಯೊಂದು ರೂಪಿಸಿದ ಈ ಪ್ರೋಟೊಕಾಲ್ ಹಲವು ಕಂಪನಿಗಳ ಪ್ರೊಜೆಕ್ಟರ್‌ಗಳಲ್ಲಿ ಒಂದೇ ರೀತಿ ನಡೆಯುತ್ತದೆ. ನೆಟ್‌ವರ್ಕ್ ಮೂಲಕ 4352ನೇ ಪೋರ್ಟಿಗೆ ಸಂಪರ್ಕ ಕೊಟ್ಟ ಕೂಡಲೇ ಪ್ರೊಜೆಕ್ಟರ್ ತಾನೇ ಮೊದಲು ಮಾತಾಡಿ ಪಾಸ್‌ವರ್ಡ್ ಬೇಕೇ ಬೇಡವೇ ಹೇಳುತ್ತದೆ. ಅದು ಚಾಲೂ ಇದೆಯೇ ಎಂದು ಕೇಳಲು ಶೇಕಡಾ ಚಿಹ್ನೆ, 1, ಆಮೇಲೆ ಪಿ, ಒ, ಡಬ್ಲ್ಯೂ, ಆರ್ ಎಂಬ ನಾಲ್ಕು ದೊಡ್ಡಕ್ಷರ, ಒಂದು ಖಾಲಿ ಜಾಗ, ಒಂದು ಪ್ರಶ್ನಾರ್ಥಕ ಚಿಹ್ನೆ, ಕೊನೆಗೆ ಆಸ್ಕಿ 13, ಅಂದರೆ ಕ್ಯಾರಿಯೇಜ್ ರಿಟರ್ನ್. ಈ 13 ಕಣ್ಣಿಗೆ ಕಾಣುವುದಿಲ್ಲ. ಅದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿ ಕಳಿಸಿದರೂ ಪ್ರೊಜೆಕ್ಟರ್ ಸುಮ್ಮನೆ ಕೂತಿರುತ್ತದೆ, ಏಕೆಂದರೆ ಅದರ ಪಾಲಿಗೆ ವಾಕ್ಯ ಇನ್ನೂ ಮುಗಿದಿಲ್ಲ. ಕೋಡ್ ಬರೆಯುವ ಮೊದಲು ಟರ್ಮಿನಲ್ ಪ್ರೋಗ್ರಾಮಿನಲ್ಲಿ ಇದನ್ನು ಕೈಯಾರೆ ಟೈಪ್ ಮಾಡಿ, ಬಂದ ಉತ್ತರವನ್ನು ಕಣ್ಣಾರೆ ನೋಡಿ.

3. ಬಟನ್ ಒತ್ತಿದ್ದು ಬರೀ ಆಜ್ಞೆ, ಬಂದ ಉತ್ತರವೇ ನಿಜ

ಹೊಸಬರ ಕೋಡಿನಲ್ಲಿ ಬಹಳ ಸಲ ಕಾಣುವ ತಪ್ಪು ಇದು: ‘ಆನ್’ ಬಟನ್ ಒತ್ತಿದ ತಕ್ಷಣ ಅದು ಹಸಿರಾಗುತ್ತದೆ. ಆದರೆ ಪ್ರೊಜೆಕ್ಟರ್ ಆನ್ ಆಯಿತೇ? ಕೇಬಲ್ ಸಡಿಲವಾಗಿರಬಹುದು, ಯಾರೋ ಕೈ ರಿಮೋಟಿನಿಂದ ಆರಿಸಿರಬಹುದು. ಪ್ಯಾನೆಲ್ ಹಸಿರು, ಪರದೆ ಕಪ್ಪು. ಶಿಕ್ಷಕರು ಅಂದಿನಿಂದ ಆ ಪ್ಯಾನೆಲ್ಲನ್ನು ನಂಬುವುದಿಲ್ಲ.

ಮೇಲಿನ ಪ್ರಶ್ನೆಗೆ ಪಿಜೆಲಿಂಕ್ ಕೊಡುವ ಉತ್ತರ ನಾಲ್ಕು ಬಗೆ: 0 ಎಂದರೆ ಆರಿದೆ, 1 ಎಂದರೆ ಉರಿಯುತ್ತಿದೆ, 2 ಎಂದರೆ ತಣ್ಣಗಾಗುತ್ತಿದೆ, 3 ಎಂದರೆ ಬಿಸಿಯಾಗುತ್ತಿದೆ. 1 ಎಂಬ ಉತ್ತರ ಬಂದ ಮೇಲಷ್ಟೇ ಬಟನ್ ಹಸಿರಾಗಲಿ. 3 ಬಂದಾಗ ‘ಸಿದ್ಧವಾಗುತ್ತಿದೆ’ ಎಂದು ತೋರಿಸಿ, 2 ಬಂದಾಗ ‘ತಣ್ಣಗಾಗುತ್ತಿದೆ, ಸ್ವಲ್ಪ ತಾಳಿ’ ಎನ್ನಿ. ತಣ್ಣಗಾಗುವ ಹೊತ್ತಿನಲ್ಲಿ ಮತ್ತೆ ಆನ್ ಒತ್ತಿದರೆ ಪ್ರೊಜೆಕ್ಟರ್ ಮೂರನೇ ಸಂಖ್ಯೆಯ ದೋಷ ಕಳಿಸುವುದುಂಟು. ಈಗ ಆಗುವುದಿಲ್ಲ, ಆಮೇಲೆ ಕೇಳು ಎಂಬುದು ಅದರ ಅರ್ಥ. ಆ ಉತ್ತರವನ್ನು ಎಸೆಯಬೇಡಿ. ಬಳಸುವವರ ಬಯಕೆಯನ್ನು ನೆನಪಿಟ್ಟುಕೊಂಡು, ತಣ್ಣಗಾದ ಮೇಲೆ ತಾನಾಗಿ ಆಜ್ಞೆ ಕಳಿಸುವಂತೆ ಬರೆಯಿರಿ. ಇಷ್ಟು ಮಾಡಿದರೆ ನಿಮ್ಮ ಕೆಲಸದ ಮಟ್ಟ ಒಂದೇ ಏಟಿಗೆ ಮೇಲೇರುತ್ತದೆ.

4. ಸ್ಥಿತಿಗಳನ್ನು ಕಾಗದದಲ್ಲಿ ಬಿಡಿಸಿ

ಒಂದೊಂದು ಸಾಧನಕ್ಕೂ ಯಾವ ಯಾವ ಸ್ಥಿತಿ ಇದೆ, ಒಂದರಿಂದ ಇನ್ನೊಂದಕ್ಕೆ ಯಾವಾಗ ಹೋಗುತ್ತದೆ ಎಂದು ವೃತ್ತ, ಬಾಣಗಳಲ್ಲಿ ಬರೆಯಿರಿ. ಪುಸ್ತಕಗಳಲ್ಲಿ ಇದಕ್ಕೆ ಸ್ಟೇಟ್ ಮಷೀನ್ ಎನ್ನುತ್ತಾರೆ. ಈ ಚಿತ್ರವಿಲ್ಲದೆ ಬರೆದ ಕೋಡ್ ಮೊದಲ ದಿನ ನಡೆಯುತ್ತದೆ, ಯಾರಾದರೂ ಬಟನ್‌ಗಳನ್ನು ಅನಿರೀಕ್ಷಿತ ಕ್ರಮದಲ್ಲಿ ಒತ್ತಿದ ದಿನ ನಿಲ್ಲುತ್ತದೆ.

ಪರದೆಯ ಮೋಟಾರ್ ನೋಡಿ. ಮೇಲೇರಿಸಲು ಒಂದು ರಿಲೇ, ಇಳಿಸಲು ಇನ್ನೊಂದು. ಎರಡೂ ಒಟ್ಟಿಗೆ ಕೂಡಬಾರದು, ಕೂಡಿದರೆ ಮೋಟಾರ್ ಸುಡಬಹುದು. ಒಂದನ್ನು ಬಿಡಿಸಿ, ಸ್ವಲ್ಪ ಅಂತರ ಕೊಟ್ಟು, ಆಮೇಲೆ ಇನ್ನೊಂದನ್ನು ಕೂಡಿಸಬೇಕು. ಕೋಡಿನಲ್ಲಿ ಈ ತಡೆ ಇದ್ದರೂ ವಯರಿಂಗ್‌ನಲ್ಲೂ ಇಂಟರ್‌ಲಾಕ್ ಇರಲಿ ಎಂದು ಪಟ್ಟು ಹಿಡಿಯಿರಿ. ಇನ್ನೊಂದು ಮಾತು: ಟೈಮರ್ ಮೇಲೆ ಸತ್ಯವನ್ನು ನಿಲ್ಲಿಸಬೇಡಿ. ‘ಮೂವತ್ತು ಸೆಕೆಂಡ್ ಆಯಿತು, ಹಾಗಾಗಿ ಪ್ರೊಜೆಕ್ಟರ್ ಬಿಸಿಯಾಗಿರುತ್ತದೆ’ ಎಂಬುದು ಊಹೆ. ಟೈಮರ್ ಇರಬೇಕಾದದ್ದು ಇಷ್ಟು ಹೊತ್ತಾದರೂ ಉತ್ತರ ಬರಲಿಲ್ಲ ಎಂದು ಎಚ್ಚರಿಸುವುದಕ್ಕೆ.

5. ಉತ್ತರ ತುಂಡು ತುಂಡಾಗಿ ಬರುತ್ತದೆ, ಕೂಡಿಸಿ ಓದಿ

ಮೇಜಿನ ಮೇಲೆ ಪರೀಕ್ಷಿಸಿದಾಗ ಒಂದು ಪ್ರಶ್ನೆಗೆ ಒಂದು ಉತ್ತರ ನೀಟಾಗಿ ಬರುತ್ತದೆ. ಸಭಾಂಗಣದಲ್ಲಿ ಹಾಗಲ್ಲ. ಒಂದೇ ಉತ್ತರ ಎರಡು ಕಂತಿನಲ್ಲಿ ಬರಬಹುದು, ಎರಡು ಉತ್ತರ ಒಂದಕ್ಕೊಂದು ಅಂಟಿಕೊಂಡು ಬರಬಹುದು. ಬಂದದ್ದನ್ನೆಲ್ಲ ಒಂದು ಬಫರ್‌ನಲ್ಲಿ ಕೂಡಿಡಿ. ಕೊನೆಯ ಗುರುತು, ಅಂದರೆ ಆಸ್ಕಿ 13 ಸಿಕ್ಕಿದಾಗ ಅಲ್ಲಿಯವರೆಗಿನದನ್ನು ತೆಗೆದು ಓದಿ. ಉಳಿದದ್ದು ಬಫರ್‌ನಲ್ಲೇ ಇರಲಿ, ಮುಂದಿನ ಕಂತು ಬಂದು ಅದನ್ನು ಪೂರ್ತಿ ಮಾಡುತ್ತದೆ.

ಕಳಿಸುವಾಗಲೂ ಶಿಸ್ತು ಬೇಕು. ಆಜ್ಞೆಗಳನ್ನು ಸರದಿಯಲ್ಲಿ ನಿಲ್ಲಿಸಿ, ಒಂದಕ್ಕೆ ಉತ್ತರ ಬಂದ ಮೇಲೆ ಇನ್ನೊಂದು ಕಳಿಸಿ. ಉತ್ತರ ಬಾರದಿದ್ದರೆ ಮತ್ತೊಮ್ಮೆ ಪ್ರಯತ್ನಿಸಿ, ಆಗಲೂ ಬಾರದಿದ್ದರೆ ಸಂಪರ್ಕ ಕಡಿದುಹೋಗಿದೆ ಎಂದು ಪ್ಯಾನೆಲ್‌ನಲ್ಲಿ ತಿಳಿಸಿ. ಸುಮ್ಮನಿದ್ದರೆ ಕೆಲವು ಸಾಧನಗಳು ಸ್ವಲ್ಪ ಹೊತ್ತಿನಲ್ಲೇ ಸಂಪರ್ಕ ಮುಚ್ಚುತ್ತವೆ. ಮತ್ತೆ ಜೋಡಿಸಿಕೊಳ್ಳುವ ಕೋಡ್ ಮೊದಲ ದಿನವೇ ಇರಬೇಕು.

6. ಒಂದು ಭಾಷೆ ಆಳವಾಗಿ, ಉಳಿದವು ಪರಿಚಯವಾಗಿ

ಕಂಟ್ರೋಲರ್ ತಯಾರಿಸುವ ಕಂಪನಿಗಳಲ್ಲಿ ಒಂದಾದ ಕ್ರೆಸ್ಟ್ರಾನ್ ವ್ಯವಸ್ಥೆಯಲ್ಲಿ ಸಿಂಪಲ್ ವಿಂಡೋಸ್ ಎಂಬ ಚಿತ್ರರೂಪದ ಪ್ರೋಗ್ರಾಮಿಂಗ್ ಇದೆ, ಸಿ ಶಾರ್ಪ್‌ನಲ್ಲೂ ಬರೆಯಬಹುದು. ಎಎಂಎಕ್ಸ್‌ಗೆ ನೆಟ್‌ಲಿಂಕ್ಸ್ ಎಂಬ ಸ್ವಂತ ಭಾಷೆ ಇತ್ತು, ಈಚಿನ ಕಂಟ್ರೋಲರ್‌ಗಳಲ್ಲಿ ಪೈಥಾನ್, ಜಾವಾಸ್ಕ್ರಿಪ್ಟ್ ಬಂದಿವೆ. ಎಕ್ಸ್‌ಟ್ರಾನ್ ತನ್ನ ವೃತ್ತಿಪರ ಪ್ರೋಗ್ರಾಮಿಂಗ್‌ಗೆ ಪೈಥಾನ್ ಆರಿಸಿಕೊಂಡಿದೆ. ಕ್ಯೂ-ಸಿಸ್‌ನಲ್ಲಿ ಬ್ರೆಜಿಲ್‌ನಲ್ಲಿ 1993ರಲ್ಲಿ ಹುಟ್ಟಿದ ಲುವಾ ಭಾಷೆ ಬಳಸುತ್ತಾರೆ. ದಿಕ್ಕು ಸ್ಪಷ್ಟವಾಗಿದೆ: ಒಂದೊಂದು ಕಂಪನಿಯ ಸ್ವಂತ ಭಾಷೆಗಿಂತ ಎಲ್ಲರೂ ಬಳಸುವ ಭಾಷೆಗಳು ಮುಂದೆ ಬರುತ್ತಿವೆ.

ಹಾಗಾಗಿ ಪೈಥಾನ್‌ನಿಂದ ಶುರು ಮಾಡಿ ಎನ್ನುತ್ತೇನೆ. ಸ್ಟ್ರಿಂಗ್, ಬೈಟ್, ಫಂಕ್ಷನ್, ಕ್ಲಾಸ್, ಟೈಮರ್, ಸಾಕೆಟ್ ಇಷ್ಟನ್ನು ಗಟ್ಟಿಯಾಗಿ ಕಲಿಯಿರಿ. ಆಮೇಲೆ ಲುವಾ ಸುಲಭ, ಸಿ ಶಾರ್ಪ್‌ಗೆ ಇನ್ನಷ್ಟು ಶ್ರಮ ಬೇಕು.

ಭಾಷೆ ಯಾವುದೇ ಇರಲಿ, ಸಾಧನದ ಡ್ರೈವರ್ ಬೇರೆ, ಕೋಣೆಯ ತರ್ಕ ಬೇರೆ ಇಡಿ. ಕೋಣೆಯ ಕೋಡ್ ‘ಪ್ರೊಜೆಕ್ಟರ್ ಹಚ್ಚು’ ಎಂದಷ್ಟೇ ಹೇಳಬೇಕು, ಯಾವ ಅಕ್ಷರ ಕಳಿಸಬೇಕು ಎಂಬುದು ಡ್ರೈವರ್‌ಗೆ ಸೇರಿದ್ದು. ನಮ್ಮ ಸರ್ಕಾರಿ ಸಂಸ್ಥೆಗಳಲ್ಲಿ ಖರೀದಿ ಟೆಂಡರ್ ಮೂಲಕ ನಡೆಯುತ್ತದೆ. ಪ್ರೊಜೆಕ್ಟರ್ ಕೆಟ್ಟಾಗ ಅದೇ ಕಂಪನಿಯದೇ ಬರುತ್ತದೆ ಎಂಬ ಖಾತರಿ ಇಲ್ಲ. ಬೇರೆ ಮಾಡಿಟ್ಟವರು ಒಂದು ಕಡತ ಬದಲಿಸಿ ಮನೆಗೆ ಹೋಗುತ್ತಾರೆ, ಬೆರೆಸಿಟ್ಟವರು ಇಡೀ ಪ್ರೋಗ್ರಾಮ್ ಮತ್ತೆ ಬರೆಯುತ್ತಾರೆ.

7. ಸಾಧನ ಕೈಯಲ್ಲಿ ಇಲ್ಲದಿದ್ದರೆ ಅದನ್ನೇ ಸೃಷ್ಟಿಸಿಕೊಳ್ಳಿ

‘ಕಂಟ್ರೋಲರ್ ಕೊಳ್ಳಲು ದುಡ್ಡಿಲ್ಲ, ಅಭ್ಯಾಸ ಹೇಗೆ?’ ಎಂಬ ಪ್ರಶ್ನೆಗೆ ಉಳ್ಳಾರ್ತಿ ಕಾವಲಿನ ನೆಲದಲ್ಲೇ ಉತ್ತರ ಇದೆ. ಚಂದ್ರಯಾನ-2ಕ್ಕೆ ಸಿದ್ಧತೆ ನಡೆದಾಗ ಇಸ್ರೋ ಇಲ್ಲಿ ಚಂದ್ರನ ಮೇಲಿರುವಂಥ ಕೃತಕ ಕುಳಿಗಳನ್ನು ತೋಡಿಸಿತು. ಲ್ಯಾಂಡರ್‌ನ ಸಂವೇದಕಗಳನ್ನು ವಿಮಾನದಲ್ಲಿಟ್ಟು ಆ ಕುಳಿಗಳ ಮೇಲೆ ಹಾರಿಸಿ, ಕುಳಿಯನ್ನು ಗುರುತಿಸುತ್ತವೆಯೇ, ಎತ್ತರವನ್ನು ಸರಿಯಾಗಿ ಅಳೆಯುತ್ತವೆಯೇ ಎಂದು ನೋಡಿತು. 2023ರ ಏಪ್ರಿಲ್ 2ರಂದು ಪಕ್ಕದ ವೈಮಾನಿಕ ಪರೀಕ್ಷಾ ವಲಯದಲ್ಲಿ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರ್‌ನಿಂದ ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ ಅದು ತಾನಾಗಿ ರನ್‌ವೇ ಮೇಲೆ ಇಳಿಯಿತು. ಕಕ್ಷೆಯಿಂದ ಮರಳುವ ದಿನಕ್ಕೆ ಕಾಯದೆ, ಇಳಿಯುವ ಕೊನೆಯ ಹಂತವನ್ನಷ್ಟೇ ಬೇರೆ ತೆಗೆದು ಪರೀಕ್ಷಿಸಿದ ಕ್ರಮವದು.

ನಾವು ಮಾಡಬೇಕಾದದ್ದು ಇದೇ ಕ್ರಮ. ಲ್ಯಾಪ್‌ಟಾಪ್‌ನಲ್ಲಿ ಪೈಥಾನ್‌ನಿಂದ ಒಂದು ಹುಸಿ ಪ್ರೊಜೆಕ್ಟರ್ ಬರೆಯಿರಿ. ಅದು 4352ನೇ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂರಲಿ, ಆನ್ ಎಂದರೆ ಮೊದಲು 3, ಸ್ವಲ್ಪ ಹೊತ್ತಿನ ಮೇಲೆ 1 ಎಂದು ಉತ್ತರಿಸಲಿ. ಅಷ್ಟಕ್ಕೆ ನಿಲ್ಲಿಸಬೇಡಿ. ಅದಕ್ಕೆ ಬೇಕೆಂದೇ ಕಾಟ ಕೊಡುವುದನ್ನು ಕಲಿಸಿ: ತಡವಾಗಿ ಉತ್ತರಿಸಲಿ, ಅರ್ಧ ಉತ್ತರ ಕೊಡಲಿ, ಎರಡು ಉತ್ತರ ಒಟ್ಟಿಗೆ ಕೊಡಲಿ, ಒಮ್ಮೊಮ್ಮೆ ಸಂಪರ್ಕವನ್ನೇ ಕಡಿದುಬಿಡಲಿ. ಈ ಹುಸಿ ಸಾಧನದ ಮುಂದೆ ನಿಮ್ಮ ಕೋಡ್ ನಿಂತರೆ ಸಭಾಂಗಣದಲ್ಲೂ ನಿಲ್ಲುತ್ತದೆ. ಕ್ಯೂ-ಸಿಸ್‌ನ ಡಿಸೈನರ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಯಂತ್ರವಿಲ್ಲದೆಯೂ ಎಮ್ಯುಲೇಟ್ ಮಾಡಿ ನೋಡಬಹುದು. ಒಂದು ಹಳೆಯ ಲ್ಯಾಪ್‌ಟಾಪ್, ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್, ಸಾಧ್ಯವಾದರೆ ಗುಜರಿಗೆ ಹೊರಟ ಪ್ರೊಜೆಕ್ಟರ್ ಒಂದಿದ್ದರೆ ಪ್ರಯೋಗಶಾಲೆ ಸಿದ್ಧ.

8. ನೆಟ್‌ವರ್ಕ್ ನಿಮ್ಮ ಕೆಲಸವೇ

‘ಅದು ಐಟಿಯವರದ್ದು’ ಎಂದು ಕೈ ತೊಳೆದುಕೊಳ್ಳುವ ಕಾಲ ಮುಗಿಯಿತು. ಇಂದು ಮೈಕಿನಿಂದ ಹಿಡಿದು ಕ್ಯಾಮೆರಾವರೆಗೆ ಎಲ್ಲವೂ ನೆಟ್‌ವರ್ಕ್ ಮೇಲೆ ನಡೆಯುತ್ತದೆ. ಐಪಿ ವಿಳಾಸ, ಸಬ್‌ನೆಟ್, ಗೇಟ್‌ವೇ, ವಿಲ್ಯಾನ್, ಮಲ್ಟಿಕಾಸ್ಟ್ ಇವುಗಳ ಅರ್ಥ ತಿಳಿಯಲೇಬೇಕು. ಎವಿ ಸಾಧನಗಳಿಗೆ ಬದಲಾಗದ ವಿಳಾಸ ಕೊಟ್ಟು ಒಂದು ಪಟ್ಟಿ ಮಾಡಿ. ವೈರ್‌ಶಾರ್ಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತಂತಿಯ ಮೇಲೆ ಹೋಗುವ ಬರುವ ಮಾತನ್ನು ನೋಡಲು ಕಲಿಯಿರಿ. ಸಾಧನದ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿರುವ ಜಾಗದಲ್ಲಿ ಕೆಲಸ ಬಯಸುವವರಿಗೆ ಈ ಎಚ್ಚರ ಮೊದಲ ಅರ್ಹತೆ.

9. ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಎಂದು ಮೊದಲೇ ಬರೆಯಿರಿ

ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೇರಿವೆ. ಬೇಸಿಗೆಯ ಬಿಸಿಲು, ಬಯಲು ಗಾಳಿಯ ಧೂಳು, ಆಗಾಗ ಹೋಗಿ ಬರುವ ಕರೆಂಟು ಇಲ್ಲಿನ ವಾಸ್ತವ. ಅಮೆರಿಕದ ಕೈಪಿಡಿಯಲ್ಲಿ ಇದರ ಅಧ್ಯಾಯ ಇರುವುದಿಲ್ಲ, ನಾವೇ ಬರೆದುಕೊಳ್ಳಬೇಕು.

ಕರೆಂಟ್ ಬಂದ ಕೂಡಲೇ ಕಂಟ್ರೋಲರ್ ಎಲ್ಲ ಸಾಧನಕ್ಕೂ ಆಜ್ಞೆ ಸುರಿಯಬಾರದು. ಮೊದಲು ಕೇಳಬೇಕು: ನೀನು ಯಾವ ಸ್ಥಿತಿಯಲ್ಲಿದ್ದೀಯ? ಪ್ರೊಜೆಕ್ಟರ್ ಇನ್ನೂ ಎಚ್ಚರವಾಗಿರುವುದಿಲ್ಲ, ನೆಟ್‌ವರ್ಕ್ ಸ್ವಿಚ್ ಮೇಲೇಳಲು ಹೊತ್ತು ಬೇಕು. ಹಾಗಾಗಿ ಕಾಯುವುದು, ಕೇಳುವುದು, ಉತ್ತರ ನೋಡಿ ಪ್ಯಾನೆಲ್ ಬಿಡಿಸುವುದು ಎಂಬ ಕ್ರಮ ಇರಲಿ. ಆಂಪ್ಲಿಫೈಯರ್‌ಗಳನ್ನು ಒಂದೊಂದಾಗಿ, ಎಲ್ಲಕ್ಕಿಂತ ಕೊನೆಗೆ ಹಚ್ಚಿ, ಇಲ್ಲದಿದ್ದರೆ ಸ್ಪೀಕರ್‌ಗಳು ಢಬ್ ಎನ್ನುತ್ತವೆ. ಆರಿಸುವಾಗ ಅವೇ ಮೊದಲು. ಕಂಟ್ರೋಲರ್, ನೆಟ್‌ವರ್ಕ್ ಸ್ವಿಚ್ ಎರಡಕ್ಕೂ ಯುಪಿಎಸ್ ಬೇಕೆಂದು ವಿನ್ಯಾಸದ ಹಂತದಲ್ಲೇ ಬರೆಸಿ.

ಧೂಳಿಗೂ ಕೋಡಿನಲ್ಲಿ ಮದ್ದಿದೆ. ಹಲವು ಪ್ರೊಜೆಕ್ಟರ್‌ಗಳು ಲ್ಯಾಂಪ್ ಉರಿದ ಗಂಟೆಗಳನ್ನು, ಬಿಸಿ ಹೆಚ್ಚಾದದ್ದನ್ನು, ಫಿಲ್ಟರ್ ಮತ್ತು ಫ್ಯಾನಿನ ತೊಂದರೆಯನ್ನು ಕೇಳಿದರೆ ಹೇಳುತ್ತವೆ. ದಿನಕ್ಕೊಮ್ಮೆ ಕೇಳಿ ದಾಖಲಿಸಿ. ‘ಫಿಲ್ಟರ್ ತೊಳೆಯುವ ಸಮಯ ಬಂದಿದೆ’ ಎಂದು ಪ್ಯಾನೆಲ್ ಹೇಳಿದರೆ ಸಭಾಂಗಣದ ಸಹಾಯಕರು ಅಂದೇ ತೊಳೆಯುತ್ತಾರೆ. ಹೇಳದಿದ್ದರೆ ಕಾರ್ಯಕ್ರಮದ ಮಧ್ಯೆ ಪ್ರೊಜೆಕ್ಟರ್ ಬಿಸಿಯೇರಿ ಆರುತ್ತದೆ.

10. ಪ್ಯಾನೆಲ್ ಕನ್ನಡದಲ್ಲಿ ಮಾತಾಡಲಿ

ನಮ್ಮ ಸಭಾಂಗಣ ಬಳಸುವವರು ಸರ್ಕಾರಿ ಶಾಲೆಯ ಶಿಕ್ಷಕರು, ಪಂಚಾಯಿತಿ ಸದಸ್ಯರು, ಸಭಾಂಗಣ ನೋಡಿಕೊಳ್ಳುವ ಸಹಾಯಕರು. ಅವರ ಮುಂದೆ ‘ಸೋರ್ಸ್ ಸೆಲೆಕ್ಟ್’, ‘ಮ್ಯಾಟ್ರಿಕ್ಸ್ ರೂಟಿಂಗ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟರೆ ಅವರು ಪ್ಯಾನೆಲ್ ಮುಟ್ಟಲು ಅಂಜುತ್ತಾರೆ, ಯಾರನ್ನಾದರೂ ಕರೆಸುತ್ತಾರೆ. ಅದರ ಬದಲು ಮೊದಲ ಪುಟದಲ್ಲಿ ದೊಡ್ಡದಾಗಿ ಮೂರೇ ಬಟನ್ ಇಡಿ: ‘ಪಾಠ ಶುರು’, ‘ವಿಡಿಯೋ ಸಭೆ’, ‘ಮೈಕು ಮಾತ್ರ’. ‘ಪಾಠ ಶುರು’ ಒತ್ತಿದರೆ ಪರದೆ ಇಳಿಯಬೇಕು, ಪ್ರೊಜೆಕ್ಟರ್ ಹತ್ತಬೇಕು, ಮುಂದಿನ ದೀಪ ಮಂಕಾಗಬೇಕು, ಮೈಕು ತೆರೆಯಬೇಕು. ಮುಗಿದ ಮೇಲೆ ‘ಎಲ್ಲ ಆರಿಸಿ’ ಎಂಬ ಒಂದೇ ಬಟನ್, ಅದರ ಹಿಂದೆ ‘ಖಂಡಿತವೇ?’ ಎಂಬ ಪ್ರಶ್ನೆ.

ಇಲ್ಲಿ ಒಂದು ತಾಂತ್ರಿಕ ತೊಡಕಿದೆ. ಕೆಲವು ಹಳೆಯ ಪ್ಯಾನೆಲ್‌ಗಳಿಗೆ ಕನ್ನಡದ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ‘ಪ್ರೊಜೆಕ್ಟರ್’ ಎಂದು ಬರೆದರೆ ರ ಒತ್ತು, ಕಕಾರಕ್ಕೆ ಕೂಡಬೇಕಾದ ಒತ್ತು ಬಿಡಿ ಬಿಡಿಯಾಗಿ ಚೆಲ್ಲಿಕೊಳ್ಳುತ್ತವೆ. ಅಂಥ ಕಡೆ ಬಟನ್‌ನ ಬರಹವನ್ನು ಕಂಪ್ಯೂಟರ್‌ನಲ್ಲಿ ಚಿತ್ರವಾಗಿ ಮಾಡಿ ಸೇರಿಸಿ. ಎಚ್‌ಟಿಎಂಎಲ್-5 ಬಳಸುವ ಹೊಸ ಪ್ಯಾನೆಲ್‌ಗಳಲ್ಲಿ ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಅಕ್ಷರಶೈಲಿ ಬಳಸಿದರೆ ಬರಹ ಅಂದವಾಗಿ ಮೂಡುತ್ತದೆ. ದೋಷದ ಸಂದೇಶವೂ ಕನ್ನಡದಲ್ಲೇ ಇರಲಿ, ಮುಂದೇನು ಮಾಡಬೇಕೆಂದು ಹೇಳಲಿ. ‘ಎರರ್ 4’ ಎಂದು ತೋರಿಸುವ ಬದಲು ‘ಪ್ರೊಜೆಕ್ಟರ್‌ನಲ್ಲಿ ದೋಷವಿದೆ, ಕಚೇರಿಗೆ ತಿಳಿಸಿ’ ಎಂದು ತೋರಿಸಿ.

ಒಪ್ಪಿಸುವ ಮೊದಲು ಆ ಸಭಾಂಗಣವನ್ನು ದಿನಾ ಬಳಸುವವರ ಕೈಗೆ ಪ್ಯಾನೆಲ್ ಕೊಟ್ಟು ಪಕ್ಕದಲ್ಲಿ ಮಾತಾಡದೆ ನಿಲ್ಲಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ನಿಮ್ಮ ಪುಟವನ್ನು.

11. ಬರೆದಿಟ್ಟು ಹೋಗಿ, ಹೆಸರು ಹಾಕಿ ಹೋಗಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಅವನ್ನು ಬರೆದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರನ್ನು ದಾಖಲಿಸಿದ್ದಾನೆ. ಬ್ರಾಹ್ಮಿಯಲ್ಲಿ ಇಡೀ ಶಾಸನ ಬರೆದು, ತಾನು ಲಿಪಿಕಾರ ಎಂಬುದನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಎರಡು ಸಾವಿರ ವರ್ಷ ದಾಟಿದ ಮೇಲೂ ಅದು ಯಾರ ಕೈಬರಹ, ಅವನಿಗೆ ಯಾವ ಲಿಪಿ ಗೊತ್ತಿತ್ತು ಎಂದು ನಮಗೆ ತಿಳಿಯುವುದು ಆ ಒಂದು ಸಾಲಿನಿಂದ.

ನಮ್ಮ ಕೋಡಿಗೂ ಇಂಥ ಸಾಲು ಬೇಕು. ಕಡತದ ತಲೆಯಲ್ಲಿ ಯಾರು ಬರೆದದ್ದು, ಯಾವ ದಿನ, ಯಾವ ಆವೃತ್ತಿ, ಹಿಂದಿನದರಿಂದ ಏನು ಬದಲಾಯಿತು ಎಂದು ಬರೆಯಿರಿ. ಒಂದು ಸಾಲು ಏನು ಮಾಡುತ್ತದೆ ಎಂಬುದನ್ನು ಕೋಡೇ ಹೇಳುತ್ತದೆ, ಹಾಗೆ ಏಕೆ ಮಾಡಿದಿರಿ ಎಂಬುದನ್ನು ನೀವು ಟಿಪ್ಪಣಿಯಲ್ಲಿ ಹೇಳಬೇಕು. ಗಿಟ್ ಬಳಸಿ, ಪ್ರತಿ ಬದಲಾವಣೆಯೂ ಉಳಿಯುತ್ತದೆ.

ಒಂದು ಕಾಲೇಜಿನ ಸಭಾಂಗಣಕ್ಕೆ ನನ್ನನ್ನು ಕರೆದಿದ್ದರು. ಬೇಕಾಗಿದ್ದದ್ದು ಒಂದು ಕ್ಯಾಮೆರಾ ಸೇರಿಸುವ ಸಣ್ಣ ಕೆಲಸ. ಕಂಟ್ರೋಲರ್‌ನಲ್ಲಿ ಕಂಪೈಲ್ ಆದ ಕಡತ ಮಾತ್ರ ಇತ್ತು, ಮೂಲ ಕೋಡನ್ನು ಮೊದಲು ಕೆಲಸ ಮಾಡಿದವರು ಕೊಟ್ಟಿರಲಿಲ್ಲ, ಅವರ ಸುಳಿವೂ ಸಿಗಲಿಲ್ಲ. ಕೊನೆಗೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಯಿತು, ಕಾಲೇಜು ಒಂದೇ ಕೆಲಸಕ್ಕೆ ಎರಡು ಸಲ ಹಣ ಕೊಟ್ಟಿತು. ಮೂಲ ಕೋಡ್, ಪಾಸ್‌ವರ್ಡ್ ಪಟ್ಟಿ, ವಯರಿಂಗ್ ಚಿತ್ರ, ಐಪಿ ಪಟ್ಟಿ ನಾಲ್ಕನ್ನೂ ಮಾಲೀಕರಿಗೆ ಒಪ್ಪಿಸುವುದು ವೃತ್ತಿಧರ್ಮ. ಕೋಡ್ ಬಚ್ಚಿಟ್ಟುಕೊಂಡರೆ ಗ್ರಾಹಕರು ನಮ್ಮ ಬಳಿಯೇ ಬರುತ್ತಾರೆ ಎಂಬ ಲೆಕ್ಕಾಚಾರ ತಪ್ಪು. ಗ್ರಾಹಕರು ಮತ್ತೆ ಬರುವುದು ನಂಬಿಕೆಯಿಂದ.

ಈ ಹನ್ನೊಂದರಲ್ಲಿ ಯಾವುದಕ್ಕೂ ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ಅಲ್ಲಿನ ಕಂಪನಿಗಳು ನೋಡುವುದು ನಿಮ್ಮ ಕೋಡ್ ಗದ್ದಲದ ಮಧ್ಯೆ ನಿಲ್ಲುತ್ತದೆಯೇ, ಮುಂದೆ ಬರುವವರಿಗೆ ಅರ್ಥವಾಗುತ್ತದೆಯೇ ಎಂಬುದನ್ನು. ಅದನ್ನು ಚಳ್ಳಕೆರೆಯ ಮನೆಯಲ್ಲಿ ಕೂತೇ ಸಾಧಿಸಬಹುದು.

ಕಾಲೇಜು, ಸಂಸ್ಥೆಗಳನ್ನು ನಡೆಸುವವರಲ್ಲಿ ಎರಡು ವಿನಂತಿ. ಸಭಾಂಗಣದ ಟೆಂಡರ್‌ನಲ್ಲಿ ‘ಮೂಲ ಕೋಡ್ ಮತ್ತು ದಾಖಲೆಗಳನ್ನು ಒಪ್ಪಿಸತಕ್ಕದ್ದು’ ಎಂಬ ಷರತ್ತು ಸೇರಿಸಿ. ಕೆಲಸ ನಡೆಯುವಾಗ ಊರಿನ ಇಬ್ಬರು ಡಿಪ್ಲೊಮಾ ವಿದ್ಯಾರ್ಥಿಗಳನ್ನು ಜೊತೆಗೆ ನಿಲ್ಲಿಸಿಕೊಳ್ಳಿ, ಮುಂದೆ ನಿಮ್ಮ ಸಭಾಂಗಣ ನೋಡಿಕೊಳ್ಳುವವರು ಅವರೇ.

ಕಲಿಯಬೇಕೆನ್ನುವ ನಿಮಗೆ ಹೇಳುವುದು ಇಷ್ಟೆ. ಈ ವಾರ ಪೈಥಾನ್ ಹಾಕಿಕೊಂಡು ಹುಸಿ ಪ್ರೊಜೆಕ್ಟರ್ ಬರೆಯಲು ಕೂರಿ. ಅದನ್ನು ಆನ್ ಮಾಡುವ ಕೋಡ್ ಬರೆದ ಮೇಲೆ ಅಲ್ಲಿಗೇ ಏಳಬೇಡಿ. ಅದು ನಿಜಕ್ಕೂ ಆನ್ ಆಯಿತೇ ಎಂದು ಕೇಳಿ ತಿಳಿಯುವ ಕೋಡನ್ನೂ ಬರೆದು ಮುಗಿಸಿ.